ಹೊಸ ಡಬ್ಬ, ಅದೇ ದನಿ: ದುಬಾರಿ ಆಡಿಯೋ ಕಂಪನಿಗಳಿಗೆ ಮೈಸೂರಿನ ರಿಪೇರಿಯವನ ಬಹಿರಂಗ ಪತ್ರ

ಮಾನ್ಯರೇ,

ನಾನು ಮೈಸೂರಿನ ಶಿವರಾಂಪೇಟೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ಅಂಗಡಿ ಎಂಟಡಿ ಅಗಲ. ಸೋಲ್ಡರಿಂಗ್ ಐರನ್ ಹಿಡಿದದ್ದು 1984ರಲ್ಲಿ. ಆಗ ವಾಲ್ವ್ ರೇಡಿಯೋಗಳ ಕೊನೆಗಾಲ. ಆಮೇಲೆ ಟೂ-ಇನ್-ಒನ್, ಡೆಕ್, ಸಿಡಿ ಪ್ಲೇಯರ್, ಹೋಮ್ ಥಿಯೇಟರ್ ಎಲ್ಲವೂ ಈ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತು ಹೋಗಿವೆ. ನಿಮ್ಮ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಗಳೂ ಬರುತ್ತವೆ. ಮೈಸೂರಲ್ಲಿ ಅಷ್ಟು ದುಡ್ಡು ಹಾಕಿ ಸಂಗೀತ ಕೇಳುವವರು ಇದ್ದಾರಾ ಅಂತ ಕೇಳಬೇಡಿ. ಇದ್ದಾರೆ. ನಿವೃತ್ತ ಮೇಷ್ಟ್ರುಗಳು, ಡಾಕ್ಟರುಗಳು, ಹೂಟಗಳ್ಳಿ ಕಡೆಯ ಸಾಫ್ಟ್‌ವೇರ್ ಹುಡುಗರು. ಬಟ್ಟೆಗೆ ಜಿಪುಣರು, ಸ್ಪೀಕರಿಗೆ ಧಾರಾಳಿಗಳು.

ಹೋದ ತಿಂಗಳು ಸರಸ್ವತಿಪುರಂನ ಒಬ್ಬ ಮೇಷ್ಟ್ರು ಆಟೋದಲ್ಲಿ ಒಂದು ಆಂಪ್ ತಂದರು. ಮಗುವನ್ನು ಆಸ್ಪತ್ರೆಗೆ ತರುವ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು. ಮೂರೂವರೆ ಲಕ್ಷದ್ದು. ಏಳು ವರ್ಷ ಹಳೆಯದು. ವೈಫೈ, ಸ್ಟ್ರೀಮಿಂಗ್ ಎಲ್ಲ ಅದರೊಳಗೇ. ತಿರುಗಿಸೋಕೆ ಒಂದು ನಾಬ್ ಇಲ್ಲ. ಸೌಂಡ್ ಜಾಸ್ತಿ ಮಾಡಬೇಕಾದರೂ ಫೋನಿನ ಆಪ್ ಬೇಕು. ಕಂಪನಿ ಆ ಮಾಡೆಲ್‌ನ ಆಪ್ ನಿಲ್ಲಿಸಿಬಿಟ್ಟಿದೆ. ಮುಂದಿನ ಪುಟ್ಟ ತೆರೆಯಲ್ಲಿ, ಸರ್ವರ್ ಸಿಗುತ್ತಿಲ್ಲ ಅನ್ನುವ ಒಂದೇ ಸಾಲು.

ಬಿಚ್ಚಿ ನೋಡಿದೆ. ಪವರ್ ಸಪ್ಲೈ ಸರಿ ಇದೆ. ಕಂಡೆನ್ಸರ್ ಒಂದೂ ಉಬ್ಬಿಲ್ಲ. ಔಟ್‌ಪುಟ್ ಮಾಡ್ಯೂಲ್ ಚಿನ್ನದ ಹಾಗಿದೆ. ಕೆಟ್ಟಿರೋದು ಏನೂ ಇಲ್ಲ, ಆದರೂ ಸತ್ತಿದೆ. "ಇದು ಯಾವ ಕಾಯಿಲೆಯಪ್ಪ?" ಅಂದರು ಮೇಷ್ಟ್ರು. ನಲವತ್ತು ವರ್ಷದಲ್ಲಿ ನನಗೂ ಉತ್ತರ ಹೊಳೆಯದ ಮೊದಲ ಕೇಸು.

ಡೀಲರಿಗೆ ಫೋನ್ ಮಾಡಿದೆ. "ಹೊಸ ಮಾಡೆಲ್ ಬಂದಿದೆ ಸಾರ್, ಎಕ್ಸ್‌ಚೇಂಜ್ ಕೊಡ್ತೀವಿ" ಅಂದ. ಹೊಸದರಲ್ಲಿ ಏನಪ್ಪಾ ಹೊಸದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಪ್ ಹೊಸದು ಸಾರ್" ಅಂದ.

ಹುಡುಗ ಸುಳ್ಳು ಹೇಳಲಿಲ್ಲ, ಪಾಪ. ಅವನ ಆ ಮಾತೇ ಈ ಪತ್ರ ಬರೆಸಿದ್ದು. ಕಂಪನಿಯ ಹೆಸರು ಮಾತ್ರ ಬರೆಯೋಲ್ಲ. ಬರೆದರೆ ಉಳಿದವರೆಲ್ಲ ನಮ್ಮದಲ್ಲವಲ್ಲ ಅಂತ ನಿರಾಳವಾಗಿ ಕೂತುಬಿಡುತ್ತೀರಿ.

ನಿಮ್ಮ ಕಸುಬಿನ ಚರಿತ್ರೆಯನ್ನು ನಿಮಗೇ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಜಾಹೀರಾತು ಓದಿದರೆ ಪ್ರತಿ ದೀಪಾವಳಿಗೂ ಒಂದು ಕ್ರಾಂತಿ ಆಗುತ್ತಿರುವ ಹಾಗೆ ಕಾಣುತ್ತದೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲಾಗ್ ಒಂದು ಸ್ಪೀಕರ್ ಮಾಡಿ ತೋರಿಸಿದರು. ಒಂದು ಮ್ಯಾಗ್ನೆಟ್, ಅದರ ಸಂದಿಯಲ್ಲಿ ಓಡಾಡುವ ಕಾಯಿಲ್, ಕಾಯಿಲಿಗೆ ಅಂಟಿದ ಕಾಗದದ ಕೋನ್. ನಾನು ಇವತ್ತು ಬೆಳಿಗ್ಗೆ ಕೋನ್ ಬದಲಿಸಿದ ಆರ್ಕೆಸ್ಟ್ರಾದವರ ಸ್ಪೀಕರೂ ಅದೇ. ನಿಮ್ಮ ನಲವತ್ತು ಲಕ್ಷದ ಜೋಡಿಯೂ ಅದೇ. ಕಾಗದದ ಜಾಗಕ್ಕೆ ಕಾರ್ಬನ್ ಫೈಬರ್ ಬಂತು, ಬೆರಿಲಿಯಂ ಬಂತು, ವಜ್ರವೂ ಬಂತು. ವಜ್ರದ ಟ್ವೀಟರ್ (ಕೀಚಲು ದನಿಗಾಗಿ ಇರುವ ಪುಟ್ಟ ಸ್ಪೀಕರ್) ಕೆಟ್ಟರೆ ನನ್ನ ಹತ್ತಿರ ತರಬೇಡಿ, ಅಶೋಕ ರಸ್ತೆಯ ಚಿನ್ನ ಬೆಳ್ಳಿ ಅಂಗಡಿಗೆ ಒಯ್ಯಿರಿ.

1947ರಲ್ಲಿ ಬ್ರಿಟನ್ನಿನ ವಿಲಿಯಮ್ಸನ್ ಒಂದು ವಾಲ್ವ್ ಆಂಪ್‌ನ ನಕ್ಷೆಯನ್ನು ಪತ್ರಿಕೆಯಲ್ಲಿ ಎಲ್ಲರಿಗೂ ಕೊಟ್ಟ. ಹದಿನೈದು ವಾಟ್, ಡಿಸ್ಟಾರ್ಷನ್, ಅಂದರೆ ದನಿ ಕೆಡುವುದು, ಶೇಕಡಾ 0.1ರ ಒಳಗೆ. ಮರುವರ್ಷ ಎಲ್‌ಪಿ ತಟ್ಟೆ. 1954ರಲ್ಲಿ ಎಡ್ಗರ್ ವಿಲ್ಚರ್ ಪುಟ್ಟ ಮುಚ್ಚಿದ ಪೆಟ್ಟಿಗೆಯಿಂದ ದೊಡ್ಡ ಬೇಸ್ ಬರಿಸಿದ. 1957ರಲ್ಲಿ ಕ್ವಾಡ್‌ನ ಪೀಟರ್ ವಾಕರ್ ಕೋನೇ ಇಲ್ಲದ, ತೆಳ್ಳಗಿನ ಪರದೆಯಂಥ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ತಂದ. ಅದನ್ನು ಇವತ್ತೂ ಜನ ಹುಡುಕಿ ಕೊಳ್ಳುತ್ತಾರೆ. ಅದರ ಬೆನ್ನಿಗೆ ಸ್ಟೀರಿಯೋ ತಟ್ಟೆ. ಆಮೇಲೆ ಥೀಲ್, ಸ್ಮಾಲ್ ಎಂಬಿಬ್ಬರು ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು ಅನ್ನುವುದನ್ನು ಲೆಕ್ಕಕ್ಕೆ ತಂದರು. ಆ ಲೆಕ್ಕ ಹಾಕಿಯೇ ನಾನು ಇಲ್ಲಿ ಮದುವೆ ಮನೆಗಳಿಗೆ ಬಾಕ್ಸ್ ಮಾಡಿಕೊಟ್ಟಿದ್ದು. 1982ರಲ್ಲಿ ಸಿಡಿ. ಮೂವತ್ತೈದು ವರ್ಷದಲ್ಲಿ ಇಷ್ಟು.

ಆಮೇಲಿನ ನಲವತ್ತು ಚಿಲ್ಲರೆ ವರ್ಷದಲ್ಲಿ? ಇಲ್ಲಿ ನನ್ನ ದನಿ ಸ್ವಲ್ಪ ಏರಬಹುದು, ಕ್ಷಮಿಸಿ.

ಸಿಡಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆದುಕೊಳ್ಳುತ್ತದೆ. ಒಂದೊಂದು ಅಳತೆಗೂ 16 ಬಿಟ್. ಅದರಿಂದ 20,000 ಹರ್ಟ್ಜ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಕೀಚಲು ದನಿಯವರೆಗೆ, ಕೇಳಬಹುದು, ಅತಿ ಸಣ್ಣ ದನಿಗೂ ಅತಿ ದೊಡ್ಡ ದನಿಗೂ ನಡುವೆ 96 ಡೆಸಿಬಲ್ ಜಾಗ ಸಿಗುತ್ತದೆ. ಎಳೆಯ ಮಕ್ಕಳ ಕಿವಿಯ ಗಡಿಯೇ ಆ 20,000. ನಮ್ಮಂಥವರದು? ಹೋದ ವರ್ಷ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ದೇಶಕ್ಕೆಲ್ಲ ಹೆಸರಾದ ಸಂಸ್ಥೆ ನಮ್ಮೂರಲ್ಲೇ ಇದೆ, ಅಲ್ವಾ. ಆಡಿಯೋಗ್ರಾಂನ ಗೆರೆ 4,000 ದಾಟಿದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿತ್ತು. ವಯಸ್ಸಾದಂತೆ ಎಲ್ಲರಿಗೂ ಮೊದಲು ಹೋಗುವುದು ಮೇಲಿನ ದನಿಗಳೇ. ನಿಮ್ಮ ಗಿರಾಕಿಗಳ ವಯಸ್ಸು ನೋಡಿಕೊಳ್ಳಿ. ಮೂರೂವರೆ ಲಕ್ಷ ಕೊಡುವ ಶಕ್ತಿ ಬರುವ ಹೊತ್ತಿಗೆ ಆ ದುಡ್ಡಿಗೆ ತಕ್ಕ ಕಿವಿ ಉಳಿದಿರುವುದಿಲ್ಲ.

ಕಿವಿಗೆ ಬೇಕಾದಷ್ಟು 1982ರಲ್ಲೇ ಸಿಕ್ಕಿತು. ಅದಕ್ಕಿಂತ ಜಾಸ್ತಿ ಕೊಡುತ್ತೇವೆ ಅಂತ 1999ರಲ್ಲಿ ಎಸ್‌ಎಸಿಡಿ ಎಂಬ ಹೊಸ ಬಗೆಯ ತಟ್ಟೆ ಬಂತು, ಮರುವರ್ಷ ಡಿವಿಡಿ ಆಡಿಯೋ. 2007ರಲ್ಲಿ ಮೇಯರ್, ಮೊರಾನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಹೈ ರೆಸಲ್ಯೂಷನ್ ಧ್ವನಿಯ ದಾರಿಯಲ್ಲಿ ಸಿಡಿ ಮಟ್ಟದ ಪರಿವರ್ತನೆಯೊಂದನ್ನು ಸುಮ್ನೆ ತೂರಿಸುವುದು, ಯಾವಾಗ ತೂರಿಸಿದ್ದು ಅಂತ ಹೇಳದೆ. 554 ಸಲ ಕೇಳಿಸಿದರು. ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ಆಮೇಲೆ 2014ರಲ್ಲಿ ಎಂಕ್ಯೂಎ ಎಂಬ ಹೊಸ ಬಗೆಯ ಫೈಲು. ಸ್ಟುಡಿಯೋದ ಧ್ವನಿಯನ್ನೇ ಮಡಿಚಿ ಪುಟ್ಟ ಫೈಲಿನಲ್ಲಿ ಮನೆಗೆ ತರುತ್ತೇವೆ ಅಂದರು. ಅದನ್ನು ಬಿಚ್ಚೋಕೆ ಹೊಸ ಡಿಎಸಿ (ಡಿಜಿಟಲ್ ಫೈಲನ್ನು ದನಿಯ ಸಿಗ್ನಲ್ ಮಾಡುವ ಪೆಟ್ಟಿಗೆ) ಕೊಳ್ಳಬೇಕು, ಅದರ ಮೇಲೊಂದು ಪುಟ್ಟ ದೀಪ ಉರಿಯಬೇಕು. ನನ್ನ ಮೂವರು ಗಿರಾಕಿಗಳು ಆ ದೀಪಕ್ಕಾಗಿಯೇ ಡಿಎಸಿ ಬದಲಿಸಿದರು. 2023ರಲ್ಲಿ ಆ ಕಂಪನಿ ಸಾಲದಲ್ಲಿ ಮುಳುಗಿತು. ಮರುವರ್ಷ, ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಟೈಡಲ್ ಆ ಫೈಲುಗಳನ್ನೇ ಕೈಬಿಟ್ಟಿತು. ಇನ್ನೊಂದು ಕಡೆ ಆಪಲ್ 2021ರಲ್ಲಿ ಲಾಸ್‌ಲೆಸ್ (ಏನೂ ಕಳೆಯದೆ ಇಟ್ಟ) ಹಾಡುಗಳನ್ನು ಜಾಸ್ತಿ ದುಡ್ಡು ಕೇಳದೆ ಕೊಟ್ಟುಬಿಟ್ಟಿತ್ತು. ದೀಪ ಈಗ ಉರಿಯುವುದಿಲ್ಲ. ಹಾಡು ಮೊದಲಿನ ಹಾಗೇ ಕೇಳುತ್ತದೆ.

ಇದಕ್ಕಿಂತ ಸ್ವಾರಸ್ಯದ ಕಥೆ 2022ರದು. ಡಿಜಿಟಲ್ ಸೋಕದ ಅಪ್ಪಟ ಅನಲಾಗ್ ತಟ್ಟೆ ಅಂತಲೇ ಜನ ಮುಗಿಬಿದ್ದು ಕೊಳ್ಳುತ್ತಿದ್ದ, ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ರೆಕಾರ್ಡುಗಳಲ್ಲಿ ಎಷ್ಟೋ ವರ್ಷದಿಂದ ನಡುವೆ ಒಂದು ಡಿಜಿಟಲ್ ಹಂತ ಇತ್ತು ಅನ್ನುವುದು ಹೊರಬಿತ್ತು. ಅಷ್ಟು ವರ್ಷ ಆ ತಟ್ಟೆಗಳನ್ನು ಕೇಳಿ ಕಣ್ಣು ಮುಚ್ಚಿ ತಲೆದೂಗಿದವರೇ ಕೋರ್ಟಿಗೆ ಹೋದರು. ನನಗೆ ಅವರ ಮೇಲೆ ಕನಿಕರ ಇದೆ, ನಗುವೂ ಬರುತ್ತದೆ. ಹಾಲಿಗೆ ನೀರು ಬೆರೆಸಿದ್ದು ಕುಡಿದವರಿಗೆ ಗೊತ್ತಾಗಲಿಲ್ಲ, ಸುದ್ದಿ ಓದಿದ ಮೇಲೆ ಗೊತ್ತಾಯ್ತು.

ನಾನೂ ಒಂದು ಸಲ ಪರೀಕ್ಷೆ ಮಾಡಿದ್ದೇನೆ. ಕುವೆಂಪುನಗರದ ಒಬ್ಬ ಡಾಕ್ಟರು ಅರವತ್ತು ಸಾವಿರದ ಸ್ಪೀಕರ್ ವೈರ್ ತಂದಿದ್ದರು. ಹಾವಿನಷ್ಟು ದಪ್ಪ. ಅವರ ಮನೆ ಹಾಲ್‌ನಲ್ಲೇ ಒಂದು ಪಂಚೆ ಅಡ್ಡ ಕಟ್ಟಿ, ಒಮ್ಮೆ ಅವರ ವೈರು, ಒಮ್ಮೆ ನಾನು ಅಂಗಡಿಯಿಂದ ತಂದ ಮಾಮೂಲಿ ಮನೆ ವೈರಿಂಗಿನ ತಾಮ್ರದ ವೈರು ಹಾಕಿದೆ. ಹತ್ತು ಸಲ. ಡಾಕ್ಟರು ಐದು ಸಲ ಸರಿ ಹೇಳಿದರು. ಅವರ ಹೆಂಡತಿ ಅಡುಗೆ ಮನೆಯಿಂದಲೇ ಆರು ಸಲ ಸರಿ ಹೇಳಿದರು. ಆ ವೈರು ಇವತ್ತೂ ಅವರ ಮನೆಯಲ್ಲಿದೆ, ಆದರೆ ಡಾಕ್ಟರು ಬಂದವರಿಗೆ ಅದನ್ನು ತೋರಿಸುವುದಿಲ್ಲ.

ಹಾಗಂತ ಏನೂ ಆಗಿಲ್ಲ ಅಂದರೆ ತಪ್ಪಾಗುತ್ತದೆ. ಆಗಿದೆ, ನಿಮ್ಮ ಅಂಗಡಿಯಲ್ಲಿ ಅಲ್ಲ. ಕ್ಲಾಸ್ ಡಿ ಆಂಪ್ ನೋಡಿ, ಕರೆಂಟನ್ನು ಸರಸರ ಆನ್-ಆಫ್ ಮಾಡಿ ದನಿ ದೊಡ್ಡದು ಮಾಡುವಂಥದ್ದು. ನಾವು ಮೊದಲು ಅದನ್ನು ಗಣೇಶನ ಪೆಂಡಾಲಿಗೆ ಮಾತ್ರ ಸರಿ ಅಂತ ಹೀಗಳೆಯುತ್ತಿದ್ದೆವು. ಬ್ರೂನೋ ಪುಟ್ಸೈಸ್‌ನಂಥ ಎಂಜಿನಿಯರುಗಳು ಅದನ್ನು ತಿದ್ದಿ ತೀಡಿ, ಅಂಗೈ ಅಗಲದ ಬೋರ್ಡಿನಲ್ಲಿ ಇನ್ನೂರು ವಾಟ್ ಬರುವ ಹಾಗೆ ಮಾಡಿದರು. ಬಿಸಿ ಆಗುವುದು ಕಡಿಮೆ, ಡಿಸ್ಟಾರ್ಷನ್ ಅಳೆಯೋಕೆ ನನ್ನ ಮೀಟರಿಗೆ ತಾಕತ್ತಿಲ್ಲ. ಸಾವಿರ ರೂಪಾಯಿ ಆಸುಪಾಸಿನ, ಬೆರಳುದ್ದದ ಡಾಂಗಲ್ ಈಗ ಸಿಡಿ ಗುಣಮಟ್ಟವನ್ನು ಸಲೀಸಾಗಿ ಕೊಡುತ್ತದೆ. ಹೊಸತೆಲ್ಲ ಕೆಳಗಡೆ ಹರಿದು ಬಡವನ ಜೇಬಿಗೆ ಬಂತು. ಮೇಲಿನವರಿಗೆ ಉಳಿದದ್ದು ದಪ್ಪ ಅಲ್ಯೂಮಿನಿಯಂ. ಕೆಲವು ಆಂಪ್‌ಗಳ ಮುಂದಿನ ಫಲಕ ಎಷ್ಟು ಭಾರ ಇರುತ್ತದೆ ಅಂದರೆ, ಎತ್ತಿ ಮೇಜಿಗಿಡಲು ಪಕ್ಕದ ಟೀ ಅಂಗಡಿಯ ಹುಡುಗನನ್ನು ಕರೆಯಬೇಕು. ಒಳಗೆ ಮುಕ್ಕಾಲು ಪಾಲು ಖಾಲಿ.

ನೀವು ಹಳೆಯದನ್ನೇ ಮತ್ತೆ ಮಾರುತ್ತೀರಿ ಅಂತ ಬೈಯುವವರು ಇದ್ದಾರೆ. ನಾನು ಬೈಯುವುದಿಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್‌ನ 300ಬಿ ವಾಲ್ವ್ 1938ರದ್ದು, ಇವತ್ತೂ ಹೊಸದಾಗಿ ಸಿಗುತ್ತದೆ. ಟೆಕ್ನಿಕ್ಸ್ ತನ್ನ 1972ರ ಟರ್ನ್‌ಟೇಬಲನ್ನು 2010ರಲ್ಲಿ ನಿಲ್ಲಿಸಿ, ಜನ ಬಿಡದೆ ಕೇಳಿದ್ದಕ್ಕೆ 2016ರಲ್ಲಿ ಮತ್ತೆ ತಂದಿತು. ಇದರಲ್ಲಿ ಮೋಸ ಏನಿದೆ? ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಎಜ್ಡಿ ಬೈಕುಗಳು ಇವತ್ತೂ ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತುತ್ತವೆ. ಹತ್ತುವುದು ಯಾಕೆ ಅಂದರೆ, ಅದನ್ನು ಬಿಚ್ಚಬಹುದು, ಜೋಡಿಸಬಹುದು, ಯಾವನೋ ಒಬ್ಬ ಲೇತ್‌ನವನು ಬೇಕಾದ ಭಾಗ ಮಾಡಿಕೊಡುತ್ತಾನೆ. ಮೇಷ್ಟ್ರ ಮೂರೂವರೆ ಲಕ್ಷದ ಆಂಪ್ ಏಳೇ ವರ್ಷಕ್ಕೆ ಮೂಲೆ ಸೇರಿತು. ಹಳೇ ಸರಕು ಮಾರಿ, ಪರವಾಗಿಲ್ಲ. ಹೊಸದು ಅನ್ನುವ ಹೆಸರಿನಲ್ಲಿ ಬೇಗ ಸಾಯುವ ಸರಕು ಮಾರಬೇಡಿ.

ಈಗ ನಿಮ್ಮಲ್ಲಿ ಯಾರು ಯಾರವರು ಅಂತಲೂ ತಿಳಿಯುತ್ತಿಲ್ಲ. ಡೆನಾನ್, ಮರಾಂಟ್ಜ್, ಬೋವರ್ಸ್ ಅಂಡ್ ವಿಲ್ಕಿನ್ಸ್ ಮೂರನ್ನೂ 2022ರಲ್ಲಿ ಮಾಸಿಮೋ ಕೊಂಡಿತು. ಅದು ಆಸ್ಪತ್ರೆಗಳಿಗೆ ಪಲ್ಸ್ ಆಕ್ಸಿಮೀಟರ್ ಮಾಡುವ ಕಂಪನಿ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದೆವಲ್ಲ, ಅಂಥದ್ದು. ಮೂರು ವರ್ಷಕ್ಕೆ ಸಾಕಾಗಿ 2025ರಲ್ಲಿ ಹರ್ಮನ್ ಎಂಬ ಆಡಿಯೋ ಕಂಪನಿಗೆ ಮಾರಿತು. ಹರ್ಮನ್ 2017ರಿಂದ ಸ್ಯಾಮ್ಸಂಗ್‌ನದು. ಆಂಪ್ ಮಾಡುವ ಮೆಕಿಂತಾಷ್ 2024ರಲ್ಲಿ ಬೋಸ್ ಪಾಲಾಯಿತು. ಹೀಗೆ ಮನೆಯಿಂದ ಮನೆಗೆ ಓಡಾಡುವ ಕಂಪನಿಯಲ್ಲಿ ಹತ್ತು ವರ್ಷ ಕೂತು ಒಂದು ಹೊಸ ಸ್ಪೀಕರ್ ಯೋಚಿಸುವ ಎಂಜಿನಿಯರನ್ನು ಯಾರು ಸಾಕುತ್ತಾರೆ?

ನಿಮಗೆ ಕೆಲಸ ಉಳಿದಿಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ದೊಡ್ಡ ಕೆಲಸ ಹಾಗೇ ಬಿದ್ದಿದೆ. ಅದು ಕೋಣೆ.

ಹಳೇ ಅಗ್ರಹಾರದ ಮನೆಯಲ್ಲಿ ರೇಡಿಯೋ ಹಾಡಿದರೆ ಹಿತವಾಗಿರುತ್ತಿತ್ತು. ಹೆಂಚಿನ ಮಾಡು, ಮರದ ತೊಲೆ, ತೆರೆದ ತೊಟ್ಟಿ, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಶಬ್ದ ಒಂದಷ್ಟು ಹೊರಗೆ ಹೋಗುತ್ತಿತ್ತು, ಒಂದಷ್ಟನ್ನು ಹಾಸಿಗೆ ನುಂಗುತ್ತಿತ್ತು. ಈಗ ವಿಜಯನಗರದ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡಡಿ, ಹತ್ತಡಿ ಕೋಣೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ತಲೆ ಮೇಲೆ ಆರ್‌ಸಿಸಿ, ಒಂದು ಪಕ್ಕ ಗಾಜು. ಹನ್ನೆರಡಡಿ ಗೋಡೆಗಳ ನಡುವೆ 47 ಹರ್ಟ್ಜ್‌ನ ದನಿ ಸಿಕ್ಕಿಹಾಕಿಕೊಂಡು ಗುಂಯ್ ಅನ್ನುತ್ತದೆ. ಹತ್ತಡಿಗೆ 56. ಅದರ ದುಪ್ಪಟ್ಟಿನಲ್ಲಿ ಇನ್ನೊಂದಿಷ್ಟು. ಮೃದಂಗದ ಎಡಗಡೆಯ ತೊಪ್ಪಿ ಒಂದು ಜಾಗದಲ್ಲಿ ಕೂತರೆ ಗುಡುಗು, ಎರಡಡಿ ಸರಿದರೆ ಮಾಯ. ನೀವು ವೈರಿನಲ್ಲಿ, ವಜ್ರದಲ್ಲಿ ತಿದ್ದಲು ಹೊರಟಿರುವ ತಪ್ಪಿಗಿಂತ ಇದು ನೂರು ಪಟ್ಟು ದೊಡ್ಡದು. ಕೋಣೆಯ ಅಳತೆ ಮೈಕಿನಲ್ಲಿ ಹಿಡಿದು ತಿದ್ದುವ ಸಾಫ್ಟ್‌ವೇರ್ ಬಂದಿದೆ, ನಿಜ. ಡಿರಾಕ್‌ನಂಥವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ನಿಮ್ಮ ಶೋರೂಮಿನಲ್ಲಿ ಅದರ ಮಾತೇ ಎತ್ತುವುದಿಲ್ಲ. ಯಾಕೆ ಅಂತ ನನಗೆ ಗೊತ್ತು. ಗಿರಾಕಿಗೆ ಎರಡು ದಪ್ಪ ಜಮಖಾನ, ಒಂದು ಪುಸ್ತಕದ ಬೀರು, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ಇಡಿ ಅಂತ ಹೇಳಿದರೆ ಕಮಿಷನ್ ಬರುವುದಿಲ್ಲ.

ಕೇಳುವ ವಿಷಯದಲ್ಲಿ ಈ ಊರನ್ನು ಸಣ್ಣದು ಅಂದುಕೊಳ್ಳಬೇಡಿ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಲಿ ಅಂತ ನಮ್ಮ ಚೌಡಯ್ಯನವರು ನಾಲ್ಕು ತಂತಿಯನ್ನು ಏಳು ಮಾಡಿದರು. ಹೊಸತು ಅಂದರೆ ಅದು, ಕೇಳಿಸದ್ದನ್ನು ಕೇಳಿಸಿದ್ದು. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು. ಅದಕ್ಕಿಟ್ಟ ಆಕಾಶವಾಣಿ ಎಂಬ ಹೆಸರೇ ಆಮೇಲೆ ದೇಶದ ರೇಡಿಯೋಗೆಲ್ಲ ಆಯಿತು. ಜಯಚಾಮರಾಜ ಒಡೆಯರ್ ಅವರಂತೂ ಲಂಡನ್ನಿನಲ್ಲಿದ್ದ ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲಿ ಅಂತ ಇಲ್ಲಿಂದ ದುಡ್ಡು ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. ಅವರನ್ನು ನೋಡಲು ಬಂದ ಇಎಂಐ ರೆಕಾರ್ಡ್ ಕಂಪನಿಯ ವಾಲ್ಟರ್ ಲೆಗ್, ಅರಮನೆಯ ರೆಕಾರ್ಡ್ ಭಂಡಾರ ಮತ್ತು ಬಗೆಬಗೆಯ ಲೌಡ್‌ಸ್ಪೀಕರುಗಳನ್ನು ಕಂಡು ಬೆರಗಾದ. ಆ ಕಾಲಕ್ಕೆ ಮಹಾರಾಜರಿಗೆ ಸ್ಪೀಕರಿನಿಂದ ಸ್ಪೀಕರಿಗೆ ನಿಜವಾದ ವ್ಯತ್ಯಾಸ ಕೇಳಿಸುತ್ತಿತ್ತು. ಈಗಿನ ಮಹಾರಾಜರಿಗೆ ಬೆಲೆಪಟ್ಟಿ ಓದಿದರೆ ಮಾತ್ರ ಕೇಳಿಸುತ್ತದೆ.

ಇಷ್ಟಕ್ಕೂ ನಾನು ಕೇಳುವುದು ಜಾಸ್ತಿ ಏನಲ್ಲ. ಹಳೇ ರೇಡಿಯೋಗಳ ಹಿಂದಿನ ರಟ್ಟಿಗೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿದ್ದರು. ವಾಲ್ವ್ ಹೋದರೆ ಬೆಂಗಳೂರಿನ ಬಿಇಎಲ್‌ನದು ತಂದು ಹಾಕುತ್ತಿದ್ದೆವು. ನೀವೂ ನಕ್ಷೆ ಕೊಡಿ. ಐಸಿಗಳ, ಅಂದರೆ ಚಿಪ್ಪುಗಳ, ಮೇಲಿನ ನಂಬರನ್ನು ಉಜ್ಜಿ ಅಳಿಸುವ ಚಾಳಿ ಬಿಡಿ, ಅದು ಕಳ್ಳರ ಲಕ್ಷಣ. ಇಂಟರ್ನೆಟ್ ಬೋರ್ಡನ್ನು ಆಂಪ್‌ನಿಂದ ಬೇರೆ ಮಾಡಿ. ಅದು ಐದು ವರ್ಷಕ್ಕೆ ಹಳೆಯದಾಗುತ್ತದೆ, ಆಂಪ್ ಮೂವತ್ತು ವರ್ಷ ಬಾಳುತ್ತದೆ. ಇಬ್ಬರನ್ನೂ ಒಂದೇ ಚಿತೆಗೆ ಹಾಕುವುದು ಯಾವ ನ್ಯಾಯ? ಆಪ್ ನಿಲ್ಲಿಸಿದ ದಿನ, ಆಪ್ ಇಲ್ಲದೆಯೂ ಮೆಷಿನ್ ಆನ್ ಆಗುವ ಹಾಗೆ ಒಂದು ಕೊನೆಯ ಅಪ್‌ಡೇಟ್ ಕೊಟ್ಟು ಹೋಗಿ. ಮತ್ತೆ, ದಯವಿಟ್ಟು, ಒಂದು ನಾಬ್.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಒಂದು ಸಮಿತಿ ಮಾಡಿತು, ಪೋರ್ಟಲ್ಲೂ ತೆರೆಯಿತು. ಟ್ರ್ಯಾಕ್ಟರು, ಮೊಬೈಲು, ಕಾರು, ಮನೆಬಳಕೆಯ ಸಾಮಾನು ಎಲ್ಲದರ ಮಾತು ಅಲ್ಲಿದೆ. ಇಲಾಖೆಯವರೂ ಈ ಪತ್ರ ಓದಿದರೆ ಸಂತೋಷ. ಆಂಪ್ ಕೂಡ ಮನೆಬಳಕೆಯದೇ ಸಾರ್. ನಮ್ಮ ಮೇಷ್ಟ್ರ ಮನೆಯಲ್ಲಿ ಮಿಕ್ಸಿಗಿಂತ ಜಾಸ್ತಿ ಹೊತ್ತು ಓಡುತ್ತದೆ.

ಮೇಷ್ಟ್ರ ಆಂಪ್ ಏನಾಯ್ತು ಅಂತ ಹೇಳಿ ಮುಗಿಸುತ್ತೇನೆ. ಎರಡು ವಾರ ಅದು ನನ್ನ ಶೆಲ್ಫಿನ ಮೇಲೆ ಕೂತಿತ್ತು. ನಕ್ಷೆ ಕೇಳಿ ಕಂಪನಿಗೆ ಮೂರು ಮೇಲ್ ಹಾಕಿಸಿದೆ ಮಗಳ ಕೈಲಿ. ಉತ್ತರ ಬಂತು, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ. ಕೊನೆಗೆ ಒಂದು ರಾತ್ರಿ ಕೂತು ಮೀಟರ್ ಹಿಡಿದು ಔಟ್‌ಪುಟ್ ಮಾಡ್ಯೂಲಿಗೆ ಸಿಗ್ನಲ್ ಎಲ್ಲಿ ಬರುತ್ತದೆ ಅಂತ ಹುಡುಕಿದೆ. ಆ ಬುದ್ಧಿವಂತ ಬೋರ್ಡನ್ನು ಪೂರ್ತಿ ಕಳಚಿ ಪಕ್ಕಕ್ಕಿಟ್ಟೆ. ನೂರ ನಲವತ್ತು ರೂಪಾಯಿಯ ವಾಲ್ಯೂಮ್ ಕಂಟ್ರೋಲ್ ತಂದು, ಅವರ ಚೆಂದದ ಅಲ್ಯೂಮಿನಿಯಂ ಫಲಕಕ್ಕೆ ಡ್ರಿಲ್‌ನಲ್ಲಿ ತೂತು ಕೊರೆದು ಕೂರಿಸಿದೆ. ಕೊರೆಯುವಾಗ ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಹಿಂದೆ ಸಿಡಿ ಪ್ಲೇಯರಿನ ವೈರು ಸಿಕ್ಕಿಸೋಕೆ ಎರಡು ಆರ್‌ಸಿಎ ಸಾಕೆಟ್.

ಶನಿವಾರ ಮೇಷ್ಟ್ರು ಬಂದರು. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆವು, ಅವರ ಹಳೇ ಸಿಡಿ ಪ್ಲೇಯರಿನಿಂದ. ಮೇಷ್ಟ್ರು ನಾಬ್ ಹಿಡಿದು ಒಂದು ಸಲ ಜಾಸ್ತಿ ಮಾಡಿದರು, ಒಂದು ಸಲ ಕಡಿಮೆ ಮಾಡಿದರು, ಮತ್ತೆ ಜಾಸ್ತಿ ಮಾಡಿದರು. ಮುಂದಿನ ತೆರೆಗೆ ಒಳಗಿಂದ ಕರೆಂಟ್ ಮಾತ್ರ ಹೋಗುತ್ತಿತ್ತು, ಇನ್ನೇನೂ ಇಲ್ಲ. ಸುಮ್ನೆ ಖಾಲಿ ನೀಲಿ ಬೆಳಕು. "ಇದನ್ನೂ ಆರಿಸಿಬಿಡಲಾ ಮೇಷ್ಟ್ರೇ?" ಅಂದೆ.

"ಬೇಡ ಬಿಡಯ್ಯ" ಅಂದರು, "ರಾತ್ರಿ ಎದ್ದಾಗ ದಾರಿ ಕಾಣಿಸುತ್ತೆ."

ಇಂತಿ,
ನಿಮ್ಮ ಪೆಟ್ಟಿಗೆಗಳನ್ನು ಬಿಚ್ಚುವವ,
ಶಿವರಾಂಪೇಟೆ, ಮೈಸೂರು